ಹಸಿರು ಹಾವು: ನಿಮ್ಮ ಪ್ರಶ್ನೆ, ಉರಗತಜ್ಞರ ಉತ್ತರ

ಪ್ರಶ್ನೆ: ನಮ್ಮ ದಾಸವಾಳದ ಗಿಡದಲ್ಲಿ ಮೂರು ದಿನಗಳಿಂದ ಹಸಿರು ಹಾವೊಂದು ಕದಲದೆ ಇದೆ. ಅದು ಏನು ತಿನ್ನುತ್ತದೆ, ಸರ್?

ತಜ್ಞರು: ಓತಿಕ್ಯಾತ, ಹಲ್ಲಿ, ಕಪ್ಪೆಗಳೇ ಅದರ ಮುಖ್ಯ ಆಹಾರ, ಅಪರೂಪಕ್ಕೆ ಸಣ್ಣ ಹಕ್ಕಿಯನ್ನೂ ಹಿಡಿಯುತ್ತದೆ. ಹಗಲಿನಲ್ಲಿ ಬೇಟೆಯಾಡುವ ಈ ಹಾವಿನ ಕಣ್ಣಿನ ಪಾಪೆ ಅಡ್ಡಲಾಗಿರುತ್ತದೆ, ಕಣ್ಣಿನಿಂದ ಮೂತಿಯ ತುದಿಯವರೆಗೆ ತೋಡೊಂದು ಇರುತ್ತದೆ. ಹಾಗಾಗಿ ಎರಡೂ ಕಣ್ಣುಗಳನ್ನು ಒಂದೇ ಬೇಟೆಯ ಮೇಲೆ ನೆಟ್ಟು ದೂರವನ್ನು ಅಳೆಯಬಲ್ಲದು. ಗಾಳಿಗೆ ಬಳ್ಳಿ ಓಲಾಡುವಂತೆ ಓಲಾಡುತ್ತಾ ಸಮೀಪಿಸಿ, ಓತಿಕ್ಯಾತದ ಕತ್ತನ್ನು ಕಚ್ಚಿ ಹಿಡಿದು, ದವಡೆಯ ಹಿಂಭಾಗದ ವಿಷದ ಹಲ್ಲು ನಾಟುವಂತೆ ಅಗಿಯುತ್ತದೆ. ಬೇಟೆಯ ಕಾಲುಗಳು ಸಡಿಲವಾದ ಮೇಲೆ ತಲೆಯ ಕಡೆಯಿಂದ ನುಂಗುತ್ತದೆ.

ಪ್ರಶ್ನೆ: ಅದು ಕಣ್ಣಿಗೇ ಕುಕ್ಕುತ್ತದಂತೆ, ನಿಜವೇ?

ತಜ್ಞರು: ಸುಳ್ಳು. ಮುಖವನ್ನು ಹತ್ತಿರ ಒಯ್ದರೆ ಯಾವ ಹಾವಾದರೂ ಮುಖಕ್ಕೆ ಕಚ್ಚಬಹುದು.

ಪ್ರಶ್ನೆ: ಇಂದು ಮುಸ್ಸಂಜೆ ಬಿದಿರು ಮೆಳೆಯ ಬಳಿ ನನ್ನ ಮಗನ ಬೆರಳಿಗೆ ಹಸಿರು ಹಾವು ಕಚ್ಚಿದೆ. ಬಾವು ಮೊಣಕೈಗೆ ಏರಿದೆ. ಬಿಗಿಯಾಗಿ ದಾರ ಕಟ್ಟಿ, ಗುಂಪಿನಲ್ಲಿ ಬಂದ ಸಂದೇಶದಂತೆ ಈರುಳ್ಳಿ ರಸ ಹಚ್ಚಿದ್ದೇವೆ. ಅದಕ್ಕೆ ವಿಷ ಕಡಿಮೆ ತಾನೇ?

ತಜ್ಞರು: ಓದಿದ ಕೂಡಲೇ ಆಸ್ಪತ್ರೆಗೆ ಹೊರಡಿ. ಮೇಲೆ ಹೇಳಿದ ಹಸಿರು ಹಾವು, ಅಂದರೆ ಹಸಿರು ಬಳ್ಳಿ ಹಾವು, ಕಚ್ಚಿದರೆ ಸಾಮಾನ್ಯವಾಗಿ ಕಚ್ಚಿದ ಜಾಗದಲ್ಲಿ ನೋವು, ಬಾವು, ಜೋಮು ಬಂದು ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ; ಆದರೆ ಮೊಣಕೈಗೆ ಏರಿದ ಬಾವು, ಮುಸ್ಸಂಜೆ, ಬಿದಿರು ಮೆಳೆ, ಈ ಮೂರೂ ಸೇರಿದಾಗ ನನಗೆ ಬಿದಿರು ಮಂಡಲವೆಂಬ ಬೇರೊಂದು ವಿಷದ ಹಾವಿನ ಭಯವಾಗುತ್ತಿದೆ. ಅದೂ ಹಸಿರೇ, ಆದರೆ ತಲೆ ತ್ರಿಕೋನಾಕಾರ, ಪಾಪೆ ನೆಟ್ಟಗಿನ ಸೀಳು, ಮೈ ದಪ್ಪ. ದಾರವನ್ನು ನೀವೇ ಒಮ್ಮೆಗೇ ಬಿಚ್ಚಬೇಡಿ, ವೈದ್ಯರ ಎದುರಿಗೆ ಬಿಚ್ಚಿಸಿ. ಕೈ ಅಲುಗದಂತಿರಲಿ, ಉಂಗುರವಿದ್ದರೆ ತೆಗೆಯಿರಿ. ಹಾವನ್ನು ಹುಡುಕುತ್ತಾ ಹೊತ್ತು ಕಳೆಯಬೇಡಿ. ಈರುಳ್ಳಿ ರಸದಿಂದ ವಿಷ ಇಳಿಯುವುದಿಲ್ಲ. ಆ ಸಂದೇಶವನ್ನು ಹಂಚಿದವರು ದಯವಿಟ್ಟು ಈಗಲೇ ಅಳಿಸಿ.

ಸದಸ್ಯರೊಬ್ಬರು: ನಾನು ಹಸಿರು ಹಾವನ್ನು ಎಷ್ಟೋ ಸಲ ಕೈಯಲ್ಲಿ ಹಿಡಿದಿದ್ದೇನೆ. ಸುಮ್ಮನೆ ಹೆದರಿಸುತ್ತಿದ್ದೀರಿ.

ಇನ್ನೊಬ್ಬರು: ಅವರ ಮಗನ ಕೈ ಊದಿದೆ. ನಿಮ್ಮ ಸಾಹಸವನ್ನು ಇಲ್ಲಿ ಯಾರು ಕೇಳಿದರು?

ಮೊದಲಿನವರು: ಮರ್ಯಾದೆಯಿಂದ ಮಾತನಾಡಿ. ಅದರ ಮೊಟ್ಟೆಗಳನ್ನೂ ನಾನು ನೋಡಿದ್ದೇನೆ.

ತಜ್ಞರು: ನೋಡಿರಲಾರಿರಿ. ಅದು ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ.

ಪ್ರಶ್ನೆ: ಕಂದು ಬಣ್ಣದ ಬಳ್ಳಿ ಹಾವು ಬೇರೆ ಜಾತಿಯೇ?

ಪ್ರಶ್ನೆ: ಸರ್, ಕಣ್ಣಿಗೆ ಕುಕ್ಕುತ್ತದೆಯೇ?

ತಜ್ಞರು: ಮೇಲೆ ಉತ್ತರಿಸಿದ್ದೇನೆ. ಮಗುವಿನ ತಂದೆ ಬರೆಯುವವರೆಗೆ ಬೇರೆ ಪ್ರಶ್ನೆ ಬೇಡ. ಸ್ವಾಮಿ, ಹೊರಟಿರಾ?