ಸಮ್ಮರಿ ಲಿಂಕ್ಸ್ ವೆಬ್ ಪಾರ್ಟ್‌ನ ರೂಪ ಬದಲಿಸಿದವರು ಇದ್ದೀರಾ?

ಶೇರ್‌ಪಾಯಿಂಟ್ 2010ರಲ್ಲಿ (ಸಂಸ್ಥೆಗಳ ಒಳಗಿನ ಸೈಟ್ ಕಟ್ಟುವ ಮೈಕ್ರೋಸಾಫ್ಟ್ ತಂತ್ರಾಂಶ) ಮಾಡಿದ ಹಳೇ ಸೈಟ್ ಒಂದು ನನ್ನ ತಲೆಗೆ ಬಿದ್ದಿದೆ. ಅದರ ಸಮ್ಮರಿ ಲಿಂಕ್ಸ್‌ನಲ್ಲಿ (ಲಿಂಕ್‌ಗಳ ಪಟ್ಟಿ ತೋರಿಸಲು ಪುಟಕ್ಕೆ ಸೇರಿಸುವ ಸಿದ್ಧ ತುಣುಕು, ಅಂದರೆ ವೆಬ್ ಪಾರ್ಟ್) ಲಿಂಕ್‌ಗಳು ಬುಲೆಟ್ ಹಾಕಿಕೊಂಡು ಸಾಲಾಗಿ ನಿಂತಿವೆ. ನನಗೆ ಬೇಕಿರೋದು ಎಡಕ್ಕೆ ಚಿಕ್ಕ ಚಿತ್ರ, ಪಕ್ಕದಲ್ಲಿ ಹೆಸರು, ಕೆಳಗೆ ಒಂದು ಸಾಲು ವಿವರಣೆ. ಸಿಎಸ್‌ಎಸ್ (ಬಣ್ಣ, ಗಾತ್ರ, ಅಂತರ ಹೇಳುವ ಕೋಡ್) ಸಾಕಾ, ಎಕ್ಸ್‌ಎಸ್‌ಎಲ್‌ಗೇ (ಪ್ರತಿ ಲಿಂಕ್‌ನ ರಚನೆಯನ್ನೇ ಕಟ್ಟುವ ಕೋಡ್) ಕೈ ಹಾಕಬೇಕಾ? ಮಾಡಿದವರು ಅನುಭವ ಹೇಳಿ.

— ಎರಡೂ ಬೇಡ ಇರಬಹುದು, ಮೊದಲು ಲಿಂಕ್ ಎಡಿಟ್ ಮಾಡುವ ಕಡೆ ಸ್ಟೈಲ್ ಪಟ್ಟಿ ನೋಡಿ. ‘ಇಮೇಜ್ ಆನ್ ಲೆಫ್ಟ್’ ಅಂತ ಒಂದಿದೆ, ನೀವು ಹೇಳಿದ್ದು ಹೆಚ್ಚುಕಡಿಮೆ ಅದೇ ಅಲ್ವಾ? ಬಣ್ಣ, ಅಂತರ, ಅಕ್ಷರದ ಗಾತ್ರ ಮಾತ್ರ ಸರಿಮಾಡಬೇಕಿದ್ದರೆ ‘ಲಿಂಕ್-ಐಟಂ’, ‘ಡಿಸ್ಕ್ರಿಪ್ಶನ್’ ಕ್ಲಾಸ್‌ಗಳಿಗೆ ನಾಲ್ಕು ಸಾಲು ಸಿಎಸ್‌ಎಸ್ ಬರೆದು ಸೈಟ್‌ನ ಆಲ್ಟರ್ನೇಟ್ ಸಿಎಸ್‌ಎಸ್‌ಗೆ (ನಮ್ಮದೇ ಸಿಎಸ್‌ಎಸ್ ಫೈಲ್ ಸೇರಿಸುವ ಸೆಟ್ಟಿಂಗ್) ಕೊಟ್ಟರೆ ಮುಗಿಯಿತು.

— ಮೇಲಿನವರ ಮಾತು ಸರಿ. ಆದರೆ ವಿವರಣೆಯನ್ನು ಹೆಸರಿನ ಮೇಲೆ ತರಬೇಕು, ಇಡೀ ಡಬ್ಬವೇ ಲಿಂಕ್ ಆಗಬೇಕು ಅಂತ ಬಂದರೆ ಎಕ್ಸ್‌ಎಸ್‌ಎಲ್‌ಗೆ ಹೋಗಲೇಬೇಕು. ಸ್ಟೈಲ್ ಲೈಬ್ರರಿಯ ‘ಎಕ್ಸ್‌ಎಸ್‌ಎಲ್ ಸ್ಟೈಲ್ ಶೀಟ್ಸ್’ ಫೋಲ್ಡರ್‌ನಲ್ಲಿ ಐಟಂಸ್ಟೈಲ್ ಫೈಲ್ ಇರುತ್ತದೆ. ಅದರಲ್ಲಿ ಇರುವ ಒಂದು ಟೆಂಪ್ಲೇಟ್ (ಒಂದು ಸ್ಟೈಲ್‌ನ ಕೋಡ್) ಕಾಪಿ ಮಾಡಿ, ಅದರ ಹೆಸರನ್ನೂ ‘ಮ್ಯಾಚ್’ ಒಳಗಿನ ಸ್ಟೈಲ್ ಹೆಸರನ್ನೂ ಎರಡೂ ಕಡೆ ಬದಲಿಸಿ. ಆಮೇಲೆ ಅದು ಸ್ಟೈಲ್ ಪಟ್ಟಿಯಲ್ಲಿ ತಾನಾಗಿ ಬರುತ್ತದೆ.

ನಾನು ಏಟು ತಿಂದಿದ್ದು ಇಲ್ಲೇ. ಒಂದು ಟ್ಯಾಗ್ ಮುಚ್ಚೋದು ಮರೆತೆ. ಆ ಫೈಲ್ ಬಳಸುವ ವೆಬ್ ಪಾರ್ಟ್‌ಗಳೆಲ್ಲ, ನಾನು ಮುಟ್ಟದ ಪುಟಗಳಲ್ಲಿ ಇದ್ದವೂ ಸೇರಿ, ಒಟ್ಟಿಗೆ ಎರರ್ ತೋರಿಸಿದವು! ವರ್ಷನ್ ಹಿಸ್ಟರಿಯಿಂದ ಹಳೆಯದನ್ನು ವಾಪಸ್ ತಂದೆ. ಹಾಗಾಗಿ ಮುಟ್ಟುವ ಮೊದಲು ಒಂದು ಪ್ರತಿ ಇಳಿಸಿಟ್ಟುಕೊಳ್ಳಿ.

— ತಿದ್ದಿದ ಫೈಲನ್ನು ಚೆಕ್ ಇನ್ ಮಾಡಿ ಪಬ್ಲಿಶ್ ಮಾಡೋದು ಮರೀಬೇಡಿ. ನನ್ನ ಕಣ್ಣಿಗೆ ಹೊಸ ರೂಪ ಚೆನ್ನಾಗಿ ಕಾಣುತ್ತಿತ್ತು, ಉಳಿದವರೆಲ್ಲ ‘ಏನೂ ಬದಲಾಗಿಲ್ಲ’ ಅಂದರು. ಸುಮ್ನೆ ಅರ್ಧ ದಿನ ಬ್ರೌಸರ್ ಕ್ಯಾಶ್ ಅಳಿಸುತ್ತಾ ಕೂತಿದ್ದೆ. ಫೈಲ್ ನನ್ನ ಹೆಸರಲ್ಲೇ ಚೆಕ್ ಔಟ್ ಆಗಿತ್ತು (ತಿದ್ದಲು ನಾನೇ ಹಿಡಿದಿಟ್ಟಿದ್ದೆ), ಚೆಕ್ ಇನ್ ಮಾಡಿರಲೇ ಇಲ್ಲ.

— ಮುಂದೆ ಕಂಟೆಂಟ್ ಕ್ವೆರಿ ವೆಬ್ ಪಾರ್ಟ್‌ಗೂ (ಸೈಟ್‌ನ ಪಟ್ಟಿಗಳಿಂದ ವಿಷಯ ಆರಿಸಿ ತೋರಿಸುವುದು) ಇದೇ ಸ್ಟೈಲ್ ಹಾಕುತ್ತೀರಾದರೆ ಒಂದು ಮಾತು. ಹೈಪರ್‌ಲಿಂಕ್ ಕಾಲಂನಲ್ಲಿ ವಿಳಾಸ, ಅಲ್ಪವಿರಾಮ, ಹೆಸರು ಮೂರೂ ಒಂದೇ ಸಾಲಾಗಿ ಬರುತ್ತವೆ. ಹಾಗೇ ಲಿಂಕ್‌ಗೆ ಕೊಟ್ಟರೆ ಒತ್ತಿದಾಗ ಎಲ್ಲಿಗೂ ಹೋಗಲ್ಲ. ಎಕ್ಸ್‌ಎಸ್‌ಎಲ್‌ನಲ್ಲಿ ‘ಸಬ್‌ಸ್ಟ್ರಿಂಗ್-ಬಿಫೋರ್’ ಬಳಸಿ ಅಲ್ಪವಿರಾಮಕ್ಕೆ ಮೊದಲು ಬರುವ ವಿಳಾಸ ಮಾತ್ರ ತೆಗೆದುಕೊಳ್ಳಿ.

— ಕೇಳಿದವನು ನಾನೇ. ‘ಇಮೇಜ್ ಆನ್ ಲೆಫ್ಟ್’ ಹಾಕಿದೆ, ಮುಕ್ಕಾಲು ಕೆಲಸ ಆಯಿತು. ಚಿತ್ರಗಳು ಒಂದೊಂದು ಒಂದೊಂದು ಅಳತೆಯಲ್ಲಿವೆ, ಅದನ್ನು ಸಿಎಸ್‌ಎಸ್‌ನಲ್ಲೇ ಸರಿಮಾಡುತ್ತೇನೆ. ಐಟಂಸ್ಟೈಲ್ ತೆರೆದು ನೋಡಿ ಹಾಗೇ ಮುಚ್ಚಿಟ್ಟೆ.