ಈ ವಾರದ ಸಮಸ್ಯೆ (ಕಂದಪದ್ಯದ ಕೊನೆಯ ಸಾಲು ಇದು; ಮೇಲಿನ ಮೂರು ನೀವು ಕಟ್ಟಿ): ‘ಕಳ್ಳಿಯ ಕೈಗವಸೆ ಕಾಯ್ದುದೈ ಲೋಕಗಳಂ’

ಪೃಚ್ಛಕ: ದ್ರೌಪದಿಯಾಯಿತು, ಊರ್ವಶಿಯಾಯಿತು. ಈ ಸಲ ವಸ್ತು ಬಾಹ್ಯಾಕಾಶದ ಕೊಳ್ಳೆಗಾತಿ ನೆಬ್ಯುಲಾ. ಸಿನಿಮಾದವಳಲ್ಲ; 1985ರಲ್ಲಿ ‘ಅವೆಂಜರ್ಸ್’ ಕಾಮಿಕ್ಸಿನ 257ನೆಯ ಸಂಚಿಕೆಯಲ್ಲಿ ರೋಜರ್ ಸ್ಟರ್ನ್ ಬರೆದು ಜಾನ್ ಬುಸೆಮಾ ಚಿತ್ರಿಸಿದವಳು. ಪುರಾಣವಿಲ್ಲದೆ ಪದ್ಯ ಹುಟ್ಟದವರು ಈ ವಾರ ವಿಶ್ರಮಿಸಬಹುದು.

ಮಾತ್ರಾಲೋಲ: ಕುಟುಕು ಯಾರಿಗೆಂದು ತಿಳಿಯಿತು. ತೆಗೆದುಕೊಳ್ಳಿ:

ಸುಳ್ಳಿಂ ಮೊಮ್ಮಗಳೆನ್ನುತೆ
ಕೊಳ್ಳೆಯ ಹಡಗೇರಿ ಸುತ್ತಿ ಸತ್ತುಂ ಬಾಳ್ದಳ್
ಎಳ್ಳನಿತುಂ ಕರುಣೆಯಿರದ
ಕಳ್ಳಿಯ ಕೈಗವಸೆ ಕಾಯ್ದುದೈ ಲೋಕಗಳಂ

ಆ ಕಾಮಿಕ್ಸಿನ ಮಹಾಖಳ ಥಾನೋಸನ ಮೊಮ್ಮಗಳೆಂದು ಹೇಳಿಕೊಂಡು ಅವನ ಹಡಗನ್ನೇ ಕಬಳಿಸಿದವಳು. ಆತ ಮರಳಿ ಬಂದು ಅವಳನ್ನು ಸಾಯಲೂ ಬಿಡದೆ ಸುಟ್ಟ ಕೊರಡಿನಂತೆ ನಿಲ್ಲಿಸಿಕೊಂಡ. ‘ಸತ್ತುಂ ಬಾಳ್ದಳ್’ ಅದಕ್ಕೆ.

ಕಂದಪ್ರಿಯೆ: ಚೆನ್ನಾಗಿದೆ.

ಪ್ರಾಸಗಳ್ಳ: ನನ್ನದೂ ಒಂದಿರಲಿ.

ಬೆಳ್ಳಿಯ ತಾರೆಗಳೂರಂ
ಕೊಳ್ಳೆಗೆ ಗುರಿಗೈದ ನೀಲಿ ನೆಬ್ಯುಲೆ ಗೆಲ್ದಳ್
ಮುಳ್ಳಂ ಮುಳ್ಳಿಂ ತೆಗೆವೊಲ್
ಕಳ್ಳಿಯ ಕೈಗವಸೆ ಕಾಯ್ದುದೈ ಲೋಕಗಳಂ

ಗಿಡದ ಕಳ್ಳಿಯೂ ಒಳಗಿದೆ. ಮುಳ್ಳು ಸುಮ್ಮನೆ ಬಂದುದಲ್ಲ.

ಗಣಪಾಠಿ: ‘ನೆಬ್ಯುಲೆ’ ಯಾರು ಸ್ವಾಮಿ? ನನಗೆ ಗೊತ್ತಿರುವವಳು ನೆಬ್ಯುಲಾ. ಒಂದು ಮಾತ್ರೆ ಉಳಿಸಲು ಹೆಣ್ಣಿನ ಹೆಸರಿನ ಬಾಲ ಕತ್ತರಿಸುವುದೇ?

ಪ್ರಾಸಗಳ್ಳ: ಸೀತಾ ಸೀತೆಯಾದಾಗ, ಶಕುಂತಲಾ ಶಕುಂತಲೆಯಾದಾಗ ತಾವು ಎಲ್ಲಿದ್ದಿರಿ?

ಗಣಪಾಠಿ: ಅವು ಸಂಸ್ಕೃತದವು. ಇದು ಲ್ಯಾಟಿನ್.

ಪ್ರಾಸಗಳ್ಳ: ಲ್ಯಾಟಿನ್ನಿನಲ್ಲೂ ಅದು ಆಕಾರಾಂತವೇ, ಸ್ತ್ರೀಲಿಂಗವೇ, ಮಂಜು ಎಂದರ್ಥ. ನಮ್ಮ ‘ನಭಸ್ಸಿ’ಗೆ ದೂರದ ನೆಂಟಳು. ನೆಂಟಳನ್ನು ಮನೆಯ ಹೆಸರಿನಿಂದ ಕರೆದೆ, ತಪ್ಪೇನು?

ಗಣಪಾಠಿ: ಹೋದ ದೀಪಾವಳಿಯಲ್ಲಿ ‘ಕ್ರಿಸ್ಟಲ್’ ಪದಕ್ಕೆ ಶಿಥಿಲದ್ವಿತ್ವ (ಒತ್ತಕ್ಷರವನ್ನು ತೇಲಿಸಿ ಅದರ ಹಿಂದಿನ ಅಕ್ಷರವನ್ನು ಲಘುವಾಗಿಯೇ ಎಣಿಸುವ ರಿಯಾಯಿತಿ) ಹೇಳಿ ಪಾರಾದವರ ಬಾಯಲ್ಲಿ ವ್ಯಾಕರಣ! ಕೇಳುವುದಕ್ಕೆ ಹಿತವಾಗಿದೆ.

ಕಂದಪ್ರಿಯೆ: ಆ ಹಳೆಯ ಜಗಳ ಮತ್ತೆ ಬೇಡ. ಅಂದು ನಾಲ್ಕು ದಿನ ಹಿಡಿದಿತ್ತು.

ಹೊಸಬ: ಕ್ಷಮಿಸಿ, ‘ಕಾದುದೈ’ ಎಂದಲ್ಲವೇ ಇರಬೇಕು?

ಪೃಚ್ಛಕ: ಕಾದುದು ಎಂದಿದ್ದರೆ ಕೈಗವಸು ಬಿಸಿಯಾಯಿತೋ, ಹೋರಾಡಿತೋ ಎಂದು ಇನ್ನೊಂದು ಕದನ. ಬೇಕೆಂದೇ ಯಕಾರ ಉಳಿಸಿಕೊಂಡೆ.

ಮಾತ್ರಾಲೋಲ: ನನ್ನ ‘ಕರುಣೆಯಿರದ’ವನ್ನು ಯಾರೂ ಗಮನಿಸಲಿಲ್ಲ. 1991ರ ‘ಇನ್‌ಫಿನಿಟಿ ಗಾಂಟ್ಲೆಟ್’ ಆರೇ ಸಂಚಿಕೆ. ಅದರಲ್ಲಿ ಆ ಕೊರಡು ಕೈಚಾಚಿ ಥಾನೋಸನ ಸರ್ವಶಕ್ತ ಕೈಗವಸನ್ನು ಕಿತ್ತುಕೊಳ್ಳುತ್ತದೆ. ಹಿಂದಿನ ಇಪ್ಪತ್ನಾಲ್ಕು ಗಂಟೆಗಳಲ್ಲಿ ಆತ ಮಾಡಿದ್ದನ್ನೆಲ್ಲ ಅವಳು ಅಳಿಸುತ್ತಾಳೆ. ಬೇಕಾಗಿದ್ದುದು ತನ್ನ ಮೈ, ತನ್ನ ಮುಖ. ಆತ ಅಳಿಸಿದ್ದ ಅರ್ಧ ವಿಶ್ವ ಆ ಗುಂಗಿನಲ್ಲಿ ಮರಳಿ ಬಂತು. ‘ಎಳ್ಳನಿತುಂ’ ಎಂದು ತೂಕ ಮಾಡಿಯೇ ಹಾಕಿದ್ದೇನೆ.

ಕಂದಪ್ರಿಯೆ: ಗಮನಿಸಿದ್ದೆ. ‘ಚೆನ್ನಾಗಿದೆ’ ಎಂದೆನಲ್ಲ.

ಗಣಪಾಠಿ: ಹೆಸರು ಕತ್ತರಿಸದೆಯೂ ಕೂರುತ್ತದೆ, ನೋಡಿ:

ಕೊಳ್ಳೆಗೆ ಗುರಿಗೈದ ನೆಬ್ಯುಲಾ ಗೆಲ್ದಳಲಾ

ಆರನೆಯ ಮನೆಯಲ್ಲಿ (ನಾಲ್ಕು ಮಾತ್ರೆಗಳ ಆರನೆಯ ಗಣದಲ್ಲಿ) ತಾನಾಗಿ ಕುಳಿತಿದ್ದಾಳೆ. ಹುಡುಕುವ ಕಣ್ಣು ಬೇಕು.

ಹೊಸಬ: ಭೇಷ್!

ಪ್ರಾಸಗಳ್ಳ: ಅವಳ ಮೈಯ ನೀಲಿ ಹೋಯಿತು, ಬದಲಿಗೆ ‘ಅಲಾ’ ಬಂತು. ಕತ್ತರಿಸಿದ ಬಾಲವನ್ನು ಸಾಲಿನ ತುದಿಗೆ ಹೊಲಿದಿದ್ದೀರಿ.

ಗಣಪಾಠಿ: ಆಕ್ಷೇಪವೋ, ಒಪ್ಪಿಗೆಯೋ?

ಪ್ರಾಸಗಳ್ಳ: ಎಣಿಸಿದೆ. ಸರಿಯಿದೆ. ಆದರೂ ನನ್ನ ಪದ್ಯವನ್ನು ತಿದ್ದುವುದಿಲ್ಲ.