ಅಘನಾಶಿನಿಯಲ್ಲಿ ಮೂರು ದಿನ ಕಯಾಕ್: ಟೆಂಟ್ ಎಲ್ಲಿ ಹಾಕೋದು?

ಕತ್ರಿಗುಪ್ಪೆ ದೋಣಿಗ:
ನಮಸ್ಕಾರ. ಫೆಬ್ರವರಿಯಲ್ಲಿ ನಾನೂ ನನ್ನ ಭಾವಮೈದುನನೂ ಕುಮಟಾ ಹತ್ತಿರ ಅಘನಾಶಿನಿಯಲ್ಲಿ ಮೂರು ಹಗಲು, ಎರಡು ರಾತ್ರಿ ಕಯಾಕ್‌ನಲ್ಲಿ ಸುತ್ತಬೇಕು ಅಂತಿದೀವಿ. ಗಾಳಿ ತುಂಬುವ ಎರಡು ಕಯಾಕ್ ಇವೆ, ಮಡಚಿದರೆ ಒಂದೊಂದೂ 14 ಕೆ.ಜಿ. ಪಂಚಗಂಗಾ ರೈಲಿಗೆ ಹೊತ್ತುಕೊಂಡು ಹತ್ತೋದು. ಹೊನ್ನೇಮರಡುವಿನಲ್ಲಿ ಎರಡು ಸಲ ಹುಟ್ಟು ಹಾಕಿದ್ದೇನೆ, ಆದರೆ ಅದು ನಿಂತ ನೀರು.
ಮೊದಲ ದಿನ ಮಿರ್ಜಾನ್‌ನಿಂದ ಮಾಸೂರು, ಎರಡನೇ ದಿನ ತದಡಿ, ಮೂರನೇ ದಿನ ಅಳಿವೆ ದಾಟಿ ಸಮುದ್ರದ ಮೇಲೆ ಓಂ ಬೀಚ್. ಮ್ಯಾಪಿನಲ್ಲಿ ಅಳೆದರೆ ದಿನಕ್ಕೆ ಏಳೆಂಟು ಕಿಲೋಮೀಟರೂ ಇಲ್ಲ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮಧ್ಯೆ ಕಾಣುವ ದಿಬ್ಬಗಳ ಮೇಲೆ ಟೆಂಟ್ ಹಾಕಬಹುದಾ?

ಹೆಗಡೆ ಊರಿನವಳು, ಈಗ ಬನಶಂಕರಿ:
ಕಿಲೋಮೀಟರ್ ಲೆಕ್ಕ ಮೊದಲು ಬಿಡಿ ಮಾರಾಯ್ರೆ. ಅಲ್ಲಿ ನಡೆಯೋದು ಭರತ-ಇಳಿತದ ಲೆಕ್ಕ. ನೀರು ಇಳಿಯುವಾಗ ಕೆಳಗೆ, ಏರುವಾಗ ಮೇಲಕ್ಕೆ. ಎದುರು ಹೊರಟಿರೋ, ಒಂದು ಗಂಟೆ ಹುಟ್ಟು ಹಾಕಿದರೂ ಅದೇ ತೆಂಗಿನಮರ ಪಕ್ಕದಲ್ಲೇ ಇರುತ್ತದೆ.
ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನವೂ ಐವತ್ತು ನಿಮಿಷದಷ್ಟು ತಡ. ಕಾರವಾರ ಬಂದರಿನ ಪಟ್ಟಿ ನೋಡಿಕೊಳ್ಳಿ, ಆದರೆ ಅದು ಸಮುದ್ರದ ಬಾಯಿಯ ಸಮಯ. ತದಡಿಯಲ್ಲಿ ನೀರು ಇಳಿಯಲು ಶುರುವಾದರೂ ಮೇಲೆ ಮಿರ್ಜಾನ್ ಕಡೆ ಇನ್ನೂ ಏರುತ್ತಲೇ ಇರುತ್ತದೆ. ನಮ್ಮಜ್ಜ ಗೋಡೆಯ ಕ್ಯಾಲೆಂಡರಿನ ತಿಥಿ ನೋಡಿಯೇ ಹೇಳುತ್ತಿದ್ದ. ಅಮಾವಾಸ್ಯೆ, ಹುಣ್ಣಿಮೆಗೆ ಸೆಳೆತ ಜಾಸ್ತಿ, ಅಷ್ಟಮಿ-ನವಮಿ ಸುತ್ತ ಮಂದ. ನಿಮಗೆ ಷಷ್ಠಿಗೆ ಇಳಿದು ನವಮಿ ಹೊತ್ತಿಗೆ ದಡ ಸೇರೋದು ಒಳ್ಳೇದು.
ಈಗ ಟೆಂಟ್ ವಿಷಯ. ನಾನು ತಿಂದ ಪೆಟ್ಟು ಹೇಳ್ತೇನೆ. ಅಣ್ಣನ ಜೊತೆ ಹೋಗಿದ್ದೆ, ಹುಣ್ಣಿಮೆ ಹತ್ತಿರವಿತ್ತು. ಮಧ್ಯಾಹ್ನದ ಭರತ ಬಿಟ್ಟುಹೋದ ಕಸದ ಗೆರೆ ನೋಡಿ, ಅದರಿಂದ ಒಂದು ಮಾರು ಮೇಲೆ ಟೆಂಟ್ ಹಾಕಿದೆವು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ ಬಂದರೂ ಎರಡೂ ಒಂದೇ ಎತ್ತರ ಅಲ್ಲ. ಇದು ಅಣ್ಣನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಆದರೆ ಹಸಿವಾಗಿತ್ತು. ರಾತ್ರಿ ಬೆನ್ನಿಗೆ ತಣ್ಣಗಾಗಿ ಎದ್ದರೆ ಚಪ್ಪಲಿ ತೇಲುತ್ತಿದೆ. ಅವಲಕ್ಕಿ ಚೀಲ ಹೋಯಿತು, ದೋಣಿ ಮಾತ್ರ ಮರಕ್ಕೆ ಕಟ್ಟಿದ್ದರಿಂದ ಉಳಿಯಿತು.
ಹಾಗಾಗಿ ಕಾಂಡ್ಲಾ ನಡುವೆ ಬೇಡವೇ ಬೇಡ. ನೀವು ನೋಡಿದ ದಿಬ್ಬ ಇಳಿತದ ಹೊತ್ತಿನ ಫೋಟೋ ಇರಬೇಕು. ಐಗಳಕುರ್ವೆಯಲ್ಲೋ ಮಾಸೂರಿನಲ್ಲೋ ಯಾರದಾದರೂ ಅಂಗಳ ಕೇಳಿ. ಕೇಳುವಾಗ ಕತ್ತಲಾಗಿರಬಾರದು ಅಷ್ಟೇ. ಬಾವಿ ನೀರೂ ಸಿಗುತ್ತದೆ, ಅದೃಷ್ಟ ಇದ್ದರೆ ಬಳಚಿನ (ಚಿಪ್ಪಿಮೀನಿನ) ಸಾರೂ. ಗಜನಿ ಗದ್ದೆಯ ಬದು ಮೇಲೆ ಹಾಕಬೇಡಿ, ಅದು ಅವರು ಉಪ್ಪುನೀರು ತಡೆಯೋಕೆ ಕಟ್ಟಿದ್ದು, ಗೂಟ ಹೊಡೆದರೆ ಬೈಗುಳ ಖಚಿತ.

ಯಲಹಂಕದಿಂದ:
ಅಕ್ಕ ಹೇಳಿದ್ದಕ್ಕೆ ಎರಡು ಮಾತು. ಗಾಳಿ ತುಂಬಿದ ಕಯಾಕ್ ನೀರಿನ ಮೇಲೆ ಎತ್ತರ ಕೂರುತ್ತೆ, ಗಾಳಿ ಬಂದರೆ ಒಣ ಎಲೆ ಥರ ತಿರುಗುತ್ತೆ. ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ಬೀಸೋದೇ ಜಾಸ್ತಿ, ಬೆಳಗ್ಗೆ ಬೇಗ ಹೊರಡಿ. ಬಿಸಿಲಲ್ಲಿ ಮೇಲೆಳೆದು ಇಟ್ಟರೆ ಸ್ವಲ್ಪ ಗಾಳಿ ಬಿಡಿ, ಇಲ್ಲದಿದ್ದರೆ ಹೊಲಿಗೆ ಬಿಡುತ್ತೆ. ಬಲೆ ಕಟ್ಟುವ ಗೂಟಗಳಿಗೆ ಚಿಪ್ಪು ಅಂಟಿರುತ್ತೆ, ಬ್ಲೇಡು! ತೇಪೆ, ಅಂಟು ಎರಡೂ ಕೈಗೆ ಸಿಗೋ ಹಾಗಿರಲಿ.
ಓಂ ಬೀಚ್‌ಗೆ ಏನೂ ಆಗಲ್ಲ ಅನ್ಸುತ್ತೆ, ಅಳಿವೆ ದಾಟಿದ್ರೆ ಪಕ್ಕದಲ್ಲೇ ಅಲ್ವಾ?

ಹೆಗಡೆ ಊರಿನವಳು, ಈಗ ಬನಶಂಕರಿ:
ಪಕ್ಕದಲ್ಲೇ, ಆದರೆ ಮಧ್ಯೆ ಅಳಿವೆ ಬಾಯಿ ಇದೆ. ಇಳಿತದ ನೀರು ಹೊರಗೆ ನುಗ್ಗುವಾಗ ಪಡುವಣ ಗಾಳಿ ಎದುರು ಬಂದರೆ ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ. ಸಾಲದ್ದಕ್ಕೆ ತದಡಿ ಮೀನುಗಾರಿಕೆ ಬಂದರು, ಟ್ರಾಲರ್‌ಗಳು ಅದೇ ದಾರಿಯಲ್ಲಿ ಬರುತ್ತವೆ, ಅವರಿಗೆ ನೀವು ಕಾಣೋದಿಲ್ಲ. ನಾನು ಅಲ್ಲೇ ಹುಟ್ಟಿ ಬೆಳೆದವಳು, ನಾನೂ ಹೋಗೋದಿಲ್ಲ. ತದಡಿಯಲ್ಲಿ ಗಂಟು ಕಟ್ಟಿ, ಗೋಕರ್ಣಕ್ಕೆ ಬಸ್ಸಿದೆ.
ಇನ್ನೊಂದು, ಹೊರಡುವ ಮೊದಲು ಕರಾವಳಿ ಕಾವಲು ಪೊಲೀಸರಿಗೆ ತಿಳಿಸಿ. ಲೈಫ್ ಜಾಕೆಟ್ ತಲೆದಿಂಬು ಮಾಡಿಕೊಳ್ಳಬೇಡಿ, ಮೈಮೇಲೆ ಇರಲಿ. ಇಳಿತದಲ್ಲಿ ಕೆಸರಿಗೆ ಸಿಕ್ಕಿಕೊಂಡರೆ ಇಳಿದು ನೂಕೋಕೆ ಹೋಗಬೇಡಿ, ಸೊಂಟದವರೆಗೆ ಹೂತು ಹೋಗ್ತೀರಿ. ದೋಣಿಯಲ್ಲೇ ಕೂತು ಕಡಲೆ ತಿನ್ನುತ್ತಾ ಭರತಕ್ಕೆ ಕಾಯಿರಿ.

ಕತ್ರಿಗುಪ್ಪೆ ದೋಣಿಗ:
ಅಕ್ಕಾ, ಓಂ ಬೀಚ್ ಕೈಬಿಟ್ಟೆವು. ಹೊಸ ಪ್ಲಾನ್: ತದಡಿಯಿಂದ ಭರತದ ಜೊತೆ ಮೇಲೆ ಐಗಳಕುರ್ವೆ, ಅಲ್ಲಿ ಎರಡು ರಾತ್ರಿ ಅಂಗಳವಾಸ, ಇಳಿತದ ಜೊತೆ ವಾಪಸ್ಸು. ಭಾವಮೈದುನ ಮುಖ ಊದಿಸಿಕೊಂಡಿದ್ದಾನೆ, ಬಳಚಿನ ಸಾರು ಅಂದ ಮೇಲೆ ಸ್ವಲ್ಪ ಇಳಿದಿದೆ.
ಷಷ್ಠಿಯಿಂದ ನವಮಿವರೆಗೆ ರಜೆ ಬೇಕು ಅಂತ ಮೇಲ್ ಹಾಕಿದೆ. ಯಾವ ಹಬ್ಬ ಅಂತ ಮ್ಯಾನೇಜರ್ ಕೇಳಿದ್ದಾರೆ.